ನೆಲನೆಲ್ಲಿ ಪಥ್ಯ

"ಯವ್ವಾ, ಇಲಿ ಲಿವರ್ ಉಳದಾವಬೇ! ಎಲ್ಲಾ ಉಳದಾವು!"

ಹತ್ತಿ ಸಾಲಿನಲ್ಲಿ ಕೂತು ಕಳೆ, ಸದಿ ಕೀಳುತ್ತಿದ್ದ ಮೋನಮ್ಮ ಫೋನನ್ನು ಕಿವಿಯಿಂದ ದೂರ ಹಿಡಿದಳು. ಮಗಳು ರೇಣಮ್ಮ ಅಷ್ಟು ಜೋರಾಗಿ ಕೂಗುತ್ತಿದ್ದಳು. ಅವಳು ಕಲಬುರಗಿಯಲ್ಲಿ ಎಂ.ಫಾರ್ಮಾ ಓದುತ್ತಿದ್ದಳು, ಕೊನೆಯ ವರ್ಷ. ಸುರಪುರ ಸೀಮೆಯ ಆ ಕಾಲುವೆ ಮಗ್ಗುಲಿನ ಊರಿನಿಂದ ಅಷ್ಟು ಓದಿದ ಹೆಣ್ಣು ಮತ್ತೊಬ್ಬಳಿರಲಿಲ್ಲ. ಮಗಳು ಏನು ಓದುತ್ತಾಳೆಂದು ಯಾರಾದರೂ ಕೇಳಲಿ ಎಂದು ಮೋನಮ್ಮ ಕಾಯುತ್ತಿದ್ದಳು. ಕೇಳಿದರೆ ಮಾತ್ರ ಹೇಳಲು ಬರುತ್ತಿರಲಿಲ್ಲ.

"ಇಲಿ ಕಾಟಕ್ಕ ನಾವಿಲ್ಲಿ ನೆಲ್ಲು ಉಳಿಸಿಕೊಳ್ಳಾಕ ಸಾಯಾಕತ್ತೀವಿ. ನೀ ನೋಡಿದ್ರ ಇಲಿ ಉಳದಾವಂತ ಕುಣಿಯಾಕತ್ತಿ!"

"ನೀ ಕಳಿಸಿದ ನೆಲನೆಲ್ಲಿಬೇ! ಅದರದೇ ರಸ! ಟಿಬಿ ಗುಳಿಗಿ ಕೊಟ್ಟ ಇಲಿಗೋಳ ಲಿವರ್ ಬಾತಿದ್ದವು. ನಿನ್ನ ಸೊಪ್ಪಿನ ರಸ ಕುಡಿಸಿದ್ವಲ್ಲ, ಅವುಗಳದು ನೋಡಿದ್ರ ಏನೂ ಆಗೇ ಇಲ್ಲ ಅನ್ನೂವಂಗ ಅದ. ಸರ್ ಎರಡೆರಡು ಸಲ ನೋಡಿದ್ರು!"

"ಲಿವರ್ ಅಂದ್ರ?"

"ಕಲೀಜಿಬೇ. ಅಣ್ಣ ಕುರಿದು ತರ್ತಾನಲ್ಲ, ಅದು."

ಮೋನಮ್ಮನ ಎದೆ ಉಬ್ಬಿತು. ಆ ಸೊಪ್ಪು ಅವಳೇ ಕಿತ್ತದ್ದು. ಹಿಂದೆ ಮಳೆಗಾಲದಲ್ಲಷ್ಟೇ ಮುಖ ತೋರಿಸುತ್ತಿದ್ದ ನೆಲನೆಲ್ಲಿ, ಕಾಲುವೆ ನೀರು ಬಂದ ಮೇಲೆ ವರ್ಷವಿಡೀ ಹೊಲದ ತುಂಬ ಹಬ್ಬುತ್ತಿತ್ತು. ಎಲೆಯ ಕೆಳಗೆ ಸಾಸಿವೆಯಷ್ಟು ಕಾಯಿ ಸಾಲು ಕಟ್ಟಿರುವ ಆ ಗಿಡವನ್ನು ಊರೆಲ್ಲ ಕಿತ್ತು ಬದುವಿಗೆ ಎಸೆಯುತ್ತಿದ್ದರೆ, ಇವಳು ಆರಿಸಿ, ನೆರಳಲ್ಲಿ ಒಣಗಿಸಿ, ಚೀಲ ತುಂಬಿ ಕಲಬುರಗಿ ಬಸ್ಸಿಗೆ ಹಾಕುತ್ತಿದ್ದಳು. "ಮಗಳ ಕಾಲೇಜಿನವರಿಗೆ ಮೇವು ಕಳಿಸ್ತಾಳ" ಎಂದು ಹೊಲದ ಹೆಂಗಸರು ನಕ್ಕಿದ್ದರು.

"ಅಪ್ಪ ಗುಳಿಗಿ ತಪ್ಪಸದಂಗ ತೊಗೊಳಾಕತ್ತಾನಿಲ್ಲ?" ಎಂದಳು ರೇಣಮ್ಮ.

"ಹೂಂ. ತೊಗೊಳಾಕತ್ತಾನ."

ಅದು ಶುದ್ಧ ಸುಳ್ಳು. ರೇಣಮ್ಮನ ಅಪ್ಪ ಹುಲಗಪ್ಪ ಟಿಬಿ ಗುಳಿಗೆ ತೆಗೆದುಕೊಳ್ಳುತ್ತಿದ್ದದ್ದು ನಿಜ, ಕೆಮ್ಮು ಇಳಿದು ಮೈಗೆ ಸ್ವಲ್ಪ ಕಳೆ ಬಂದಿದ್ದೂ ನಿಜ. ಆದರೆ ಹೋದ ವಾರ ಅವನ ಕಣ್ಣು ಅರಿಶಿನ ಹಚ್ಚಿದಂತೆ ಹಳದಿಯಾಗಿ, ತಿಂದದ್ದೆಲ್ಲ ವಾಂತಿಯಾಗತೊಡಗಿತ್ತು. ಸುರಪುರದ ದವಾಖಾನೆಯ ಡಾಕ್ಟರು ರಕ್ತ ನೋಡಿ, "ಗುಳಿಗಿಯಿಂದ ಲಿವರಿಗೆ ಪೆಟ್ಟು ಬಿದ್ದದ. ಸದ್ಯಕ್ಕ ನಿಲ್ಲಸ್ರಿ. ಹಳದಿ ಇಳದ ಕೂಡಲೇ ಬರ್ರಿ, ಒಂದೊಂದೇ ಗುಳಿಗಿ ಮತ್ತ ಶುರು ಮಾಡೂನು. ಅಲ್ಲೀತನಾ ಚಂದಾಗಿ ಉಣ್ಣಸ್ರಿ" ಎಂದಿದ್ದರು. ಇದನ್ನು ಮಗಳಿಗೆ ಹೇಳಿದರೆ ಓದು ಬಿಟ್ಟು ಓಡಿ ಬರುತ್ತಾಳೆಂದು ಗಂಡಹೆಂಡತಿ ಬಾಯಿ ಮುಚ್ಚಿಕೊಂಡಿದ್ದರು.

ಮೋನಮ್ಮ ಸದಿಯ ಬುಟ್ಟಿಯನ್ನು ಅಲ್ಲಿಯೇ ಬಿಟ್ಟು, ಸೀರೆ ಎತ್ತಿ ಕಟ್ಟಿ, ಮನೆಗೆ ಓಡಿದಳು.

"ಕೇಳ್ರಿ ಇಲ್ಲಿ! ರೇಣಿ ಫೋನ್ ಮಾಡಿದ್ಳು. ನಿಮ್ಮಂಗ ಗುಳಿಗಿ ತಿಂದು ಕಲೀಜಿ ಕೆಟ್ಟ ಇಲಿಗಿ ನೆಲನೆಲ್ಲಿ ಕುಡಿಸ್ಯಾಳಂತ. ಎಲ್ಲಾ ಉಳದಾವಂತ!"

ಹುಲಗಪ್ಪ ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದ. ಪ್ರಾಯದಲ್ಲಿ ಕಾಲುವೆ ತೋಡುವ ಕೆಲಸದಲ್ಲಿ ಕಲ್ಲು ಹೊತ್ತ ಮೈ ಈಗ ಅರ್ಧವಾಗಿತ್ತು. ಅವನ ಹಳದಿ ಕಣ್ಣು ಅರಳಿದವು.

"ಖರೇನs?"

"ನನ್ನ ಮಗಳು ಸುಳ್ಳು ಹೇಳ್ತಾಳೇನು?"

"ಹಂಗಾದ್ರ ಈ ದವಾಖಾನಿ ಗುಳಿಗಿ ಹಾಳಾಗಿ ಹೋಗಲಿ. ನಡಿ, ನಾಳೆ ಮದೀನಾಬೀ ಕಡೆ."

ಸೊಪ್ಪು ಮನೆಯಲ್ಲಿಯೇ ಚೀಲಗಟ್ಟಲೆ ಇತ್ತಲ್ಲ ಎಂದರೆ, ಹಾಗಲ್ಲ. ಕಾಮಣಿಗೆ, ಅಂದರೆ ಕಾಮಾಲೆಗೆ, ಕೊಡುವ ಔಷಧದಲ್ಲಿ ಸೊಪ್ಪಿಗಿಂತ ಕೊಡುವವರ ಕೈಗುಣ ದೊಡ್ಡದು ಎಂಬುದು ಆ ಸೀಮೆಯ ನಂಬಿಕೆ. ಸುರಪುರದ ಮದೀನಾಬಿಗೆ ಅದು ಅತ್ತೆಯಿಂದ ಬಂದದ್ದು. ಸೂರ್ಯ ಮೂಡುವ ಹೊತ್ತಿಗೆ ಅವಳ ಅಂಗಳದಲ್ಲಿ ಕಣ್ಣು ಹಳದಿಯಾದವರು ಖಾಲಿ ಹೊಟ್ಟೆಯಲ್ಲಿ ಕೂತಿರುತ್ತಿದ್ದರು. ಅವಳು ಒಳಗೆ ಅರೆದು ತಂದ ಹಸಿರು ಉಂಡೆಯನ್ನು ಮಜ್ಜಿಗೆಯಲ್ಲಿ ಕಲಸಿ ಕೊಡುತ್ತಿದ್ದಳು. ಬಟ್ಟಲಿನ ವಾಸನೆಗೇ ಮೋನಮ್ಮ ಗುರುತು ಹಿಡಿದಳು, ನೆಲನೆಲ್ಲಿಯೇ. ಖುಷಿಯಲ್ಲಿ ಕೂಗಿಬಿಡಬೇಕೆನಿಸಿದರೂ ತಡೆದುಕೊಂಡಳು.

"ಇವಗ ಹಿಂದ ಏನರ ಬ್ಯಾನಿ ಇತ್ತೇನು?" ಮದೀನಾಬಿ ಕೇಳಿದಳು.

ಅಂಗಳದ ತುಂಬ ಗುರುತಿನ ಜನ. ಟಿಬಿ ಎಂದರೆ ನಾಳೆಯಿಂದ ಚಹಾದಂಗಡಿಯವನು ಗ್ಲಾಸು ಬೇರೆ ಇಡುತ್ತಾನೆ, ರೇಣಮ್ಮನನ್ನು ಕೇಳಿಕೊಂಡು ಬರುವವರು ದಾರಿ ಬದಲಿಸುತ್ತಾರೆ. ಹುಲಗಪ್ಪ ಹೆಂಡತಿಯ ಮುಖ ನೋಡಿದ.

"ಏನಿಲ್ಲಕ್ಕಾ. ಬಿಸಿಲಾಗ ದುಡಿದು ಉಷ್ಣ ಆಗ್ಯಾದ" ಎಂದಳು ಮೋನಮ್ಮ.

"ಹಂಗಾದ್ರ ಕೇಳ್ರಿ. ಉಪ್ಪಿಲ್ಲ, ಖಾರಿಲ್ಲ, ಎಣ್ಣಿ ಇಲ್ಲ, ಬ್ಯಾಳಿ ಇಲ್ಲ, ತತ್ತಿ ಇಲ್ಲ. ನುಚ್ಚು, ಮಜ್ಜಿಗಿ, ಅಷ್ಟs. ನನ್ನ ಔಷಧ ಹೊಟ್ಟ್ಯಾಗ ಇರೂತನಾ ಬ್ಯಾರೆ ಔಷಧ ಮುಟ್ಟಬಾರದು. ಹಳದಿ ಇಳದ ಮ್ಯಾಲ ಬರ್ರಿ, ನನ್ನ ಕೈಲೆ ಉಪ್ಪಿನ ತುತ್ತು ಹಾಕಿ ಪಥ್ಯ ಬಿಡಸ್ತೀನಿ. ನಡುವ ನೀವs ಬಿಟ್ಟರ ನನ್ನ ಕೇಳಬ್ಯಾಡ್ರಿ."

"ನನ್ನ ಮಾತಂದ್ರ ಮಾತು" ಎಂದ ಹುಲಗಪ್ಪ, ಬಟ್ಟಲನ್ನು ಒಂದೇ ಗುಟುಕಿಗೆ ಎತ್ತಿದ.

ಮೋನಮ್ಮ ಪಥ್ಯವನ್ನು ಮನೆಯ ಮೇಲೆ ಕರ್ಫ್ಯೂವಿನಂತೆ ಹೇರಿದಳು. ಹುಲಗಪ್ಪನಿಗೆ ಬಾಯಿ ಚಪಲ ಆಗಬಾರದೆಂದು ಮನೆಯಲ್ಲಿ ಒಗ್ಗರಣೆಯೇ ಬಂದಾಯಿತು. ಸೊಸೆ ಗೊಲ್ಲಾಳಮ್ಮ ಪುಂಡಿಪಲ್ಯಕ್ಕೆ ಬಳ್ಳೊಳ್ಳಿ ಜಜ್ಜಲು ಕೂತರೆ ಅತ್ತೆ ಹಿತ್ತಲಿನಿಂದಲೇ ಕೂಗುತ್ತಿದ್ದಳು.

"ಏ ಗೊಲ್ಲಾಳಿ, ವಾಸನಿ ಬರಾಕತ್ತದ!"

"ಅತ್ತಿ, ನಿಮ್ಮ ಮಗ ಹೊಲದಾಗ ಹೊತ್ತು ಮುಳುಗೂತನಾ ದುಡಿದು ಬರ್ತಾರ. ಅವರಿಗೂ ನುಚ್ಚು ಮಜ್ಜಿಗಿ ಇಡ್ಲೇನು?"

"ಒಂದೀಟು ದಿವಸ ತಡಕೋಬೇಕವ್ವ."

ಮಗ ಸಾಬಣ್ಣ ತಡೆದುಕೊಳ್ಳುವವನಲ್ಲ. ಶೇಂಗಾ ಹಿಂಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು ದನದ ಕೊಟ್ಟಿಗೆಯಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ. ಒಮ್ಮೆ ಮೋನಮ್ಮನ ಕೈಗೆ ಸಿಕ್ಕಿಬಿದ್ದು, "ಎತ್ತು ಸೈತ ನನ್ನ ನೋಡಿ ಮರುಗಾಕತ್ತಾವಬೇ" ಎಂದ. ಅವಳು ನಗು ತಡೆಯಲಾರದೆ ಅಲ್ಲಿಂದ ಹೋದಳು.

ಹಳದಿ ಇಳಿಯಿತು. ದಿನಾ ಬೆಳಗ್ಗೆ ಮೋನಮ್ಮ ಗಂಡನನ್ನು ಬಿಸಿಲಿಗೆ ನಿಲ್ಲಿಸಿ, ಕಣ್ಣರೆಪ್ಪೆ ಜಗ್ಗಿ ನೋಡುತ್ತಿದ್ದಳು. ಒಂದು ಬೆಳಗ್ಗೆ ಕಣ್ಣು ಬೆಳ್ಳಗೆ ಕಂಡಾಗ ಓಣಿಯಲ್ಲಿ ನಿಂತು, "ಹೋತು! ಕಾಮಣಿ ಹೋತು!" ಎಂದು ಕೂಗಿದಳು. ಹುಲಗಪ್ಪ ಚಹಾದಂಗಡಿಗೆ ಹೋಗಿ, ಚಹಾ ಕುಡಿಯದೆಯೇ, ಮಗಳ ಇಲಿಗಳ ಕತೆಯನ್ನು ಬಂದವರಿಗೆಲ್ಲ ಹೇಳಿದ. ಹೇಳುತ್ತ ಹೇಳುತ್ತ ಇಲಿಗಳು ಹೆಗ್ಗಣಗಳಾದವು.

ಅದೇ ವಾರ ಪಥ್ಯ ಬಿಡಿಸಿಕೊಳ್ಳಲು ಸುರಪುರಕ್ಕೆ ಹೋದರೆ ಮದೀನಾಬಿಯ ಮನೆಗೆ ಬೀಗ. ಮಗಳ ಬಾಣಂತನಕ್ಕೆ ಬಳಿಚಕ್ರಕ್ಕೆ ಹೋಗಿದ್ದಾಳೆ, ಯಾವಾಗ ಬರುತ್ತಾಳೋ ಗೊತ್ತಿಲ್ಲ, ಫೋನು ಇಟ್ಟುಕೊಂಡಿಲ್ಲ ಎಂದರು ಪಕ್ಕದ ಮನೆಯವರು.

"ಬರೂತನಾ ನಡೀಲಿ" ಎಂದ ಹುಲಗಪ್ಪ. "ಮಾತು ಕೊಟ್ಟೀನಿ."

ಹೀಗೆ ನುಚ್ಚು ಮಜ್ಜಿಗೆ ಮುಂದುವರಿಯಿತು. ಮನೆಯಲ್ಲಿದ್ದ ಒಣ ಸೊಪ್ಪನ್ನೇ ಮೋನಮ್ಮ ಕುದಿಸಿ ಕೊಟ್ಟಳು. ದವಾಖಾನೆಯಿಂದ ಟಿಬಿ ವಿಭಾಗದ ವೆಂಕಟಪ್ಪ ಎರಡು ಸಲ ಫೋನು ಮಾಡಿ, ಒಂದು ಸಲ ಬೈಕಿನಲ್ಲಿ ಬಂದೇ ಬಿಟ್ಟ.

"ಕಾಕಾ, ಹಳದಿ ಇಳದದಲ್ಲ, ಬರ್ರಿ. ಗುಳಿಗಿ ಶುರು ಮಾಡಬೇಕು."

"ಪಥ್ಯ ಬಿಟ್ಟಿಲ್ಲಪಾ. ಒಂದು ಹೊಟ್ಟ್ಯಾಗ ಎರಡು ಔಷಧ ಕೂಡಂಗಿಲ್ಲ."

"ತಡಾ ಮಾಡಿದ್ರ ಬ್ಯಾನಿ ತಿರುಗಿ ಬೀಳ್ತದ ಕಾಕಾ."

"ನನಗೇನಾಗ್ಯಾದ? ವಾಂತಿ ಇಲ್ಲ, ಸಂಕಟಿಲ್ಲ. ನಿಮ್ಮ ಗುಳಿಗಿ ತಿಂದಾಗ ಸತ್ತಂಗ ಇದ್ದೆ, ಬಿಟ್ಟಮ್ಯಾಲ ಬದುಕೀನಿ" ಎಂದು ಹುಲಗಪ್ಪ ಅವನನ್ನು ಬಾಗಿಲಿನಿಂದಲೇ ಕಳಿಸಿದ. ಮೋನಮ್ಮನೂ ಗಂಡನ ಪರವಾಗಿಯೇ ನಿಂತಳು. ಸೊಪ್ಪು ತನ್ನದು, ಓದು ಮಗಳದು, ಗೆದ್ದದ್ದು ತನ್ನ ಮನೆ ಎಂಬ ಹುರುಪು ಅವಳ ತಲೆಗೆ ಏರಿತ್ತು.

ಆದರೆ ಹುಲಗಪ್ಪನ ಅಂಗಿ ಸಡಿಲವಾಗುತ್ತ ಹೋಯಿತು. ಸಂಜೆಯಾದರೆ ಮೈ ಬಿಸಿ. ಮೊದಲು ಕೆಮ್ಮನ್ನು ನುಂಗಿಕೊಳ್ಳುತ್ತಿದ್ದವನು ಆಮೇಲೆ ನುಂಗಲಾರದೆ ಹಿತ್ತಲಿಗೆ ಎದ್ದು ಹೋಗತೊಡಗಿದ. ಒಂದು ಸಂಜೆ ಗೊಲ್ಲಾಳಮ್ಮನ ಕೂಸು ತೆವಳುತ್ತ ಹೋಗಿ ಅಜ್ಜನ ತೊಡೆ ಏರಿತು. ಅಜ್ಜ ಕೆಮ್ಮಿದ. ಗೊಲ್ಲಾಳಮ್ಮ ಒಲೆಯ ಮುಂದಿನಿಂದ ಎದ್ದು ಬಂದು, ಕೂಸನ್ನು ಎತ್ತಿಕೊಂಡು, ಬಟ್ಟೆಯ ಗಂಟು ಕಟ್ಟಲು ಕೂತಳು.

"ಎಲ್ಲಿಗಿ?" ಎಂದಳು ಮೋನಮ್ಮ.

"ತವರಮನಿಗಿ. ಮಾವ ಗುಳಿಗಿ ತೊಗೊಂಡ ದಿವಸ ಬರ್ತೀನಿ."

"ಬಾಯಿ ಭಾಳ ಆತು ನಿಂದು!"

"ಆಗಲಿ ಅತ್ತಿ. ಮಾವಗ ಬೈಯೋದಿಲ್ಲ ನಾ, ನಿಮಗೂ ಬೈಯೋದಿಲ್ಲ. ನನ್ನ ಕೂಸಿಗಿ ಆ ಬ್ಯಾನಿ ಬಂದ್ರ ಯಾರ ಕಡೆ ಪಥ್ಯ ಹಿಡಸ್ತೀರಿ?"

ಸಾಬಣ್ಣ ತಾಯಿಯ ಕಡೆ ತಿರುಗಿದ. "ಅಕಿ ಹೇಳೂದ್ರಾಗ ತಪ್ಪೇನದಬೇ? ಅಪ್ಪನ ಎಲುಬು ಎಣಿಸಬಹುದು, ನೋಡು ಒಂದು ಸಲ. ನೀ ಕಣ್ಣಾಗಿನ ಹಳದಿ ನೋಡಿದಿ, ಮೈ ನೋಡಲಿಲ್ಲ."

"ನನ್ನ ಮಗಳs ಹೇಳ್ಯಾಳ, ಸೊಪ್ಪಿನಿಂದ—"

"ಹಂಗಾದ್ರ ಅಕಿನ್ನs ಕೇಳೂನು" ಎಂದಳು ಗೊಲ್ಲಾಳಮ್ಮ, ಮತ್ತು ಅತ್ತೆಯ ಎದುರಿಗೇ ನಾದಿನಿಗೆ ಫೋನು ಹಚ್ಚಿ ಇದ್ದದ್ದು ಇದ್ದಂತೆ ಎಲ್ಲ ಹೇಳಿದಳು. "ವೈನಿ, ಕೂಸಿನ್ನ ಕರಕೊಂಡು ಹೋಗು. ನಾ ಮುಂಜಾನಿ ಮೊದಲನೇ ಬಸ್ಸಿಗಿ ಬರ್ತೀನಿ" ಎಂದಿತು ಫೋನು.

ರೇಣಮ್ಮ ಬಂದವಳು ಚಪ್ಪಲಿ ಬಿಡಲಿಲ್ಲ. ಅಂಗಳದಲ್ಲಿ ನಿಂತು ಅಪ್ಪನನ್ನು ನೋಡಿದಳು.

"ಯಪ್ಪಾ... ಏನು ಮಾಡಿಕೊಂಡಿ?"

"ನಿನ್ನ ಔಷಧನs ತೊಗೊಂಡೀನಿ ಮಗಳs. ಉಳದೀನಿ ನೋಡು, ನಿನ್ನ ಇಲಿ ಉಳದಂಗ!" ಎಂದು ಹುಲಗಪ್ಪ ನಕ್ಕ. ನಗು ಕೆಮ್ಮಾಯಿತು.

"ಗುಳಿಗಿ ಬಿಡು ಅಂತ ನಾ ಯಾವಾಗ ಹೇಳಿದೆ? ಯವ್ವಾ, ಹೇಳಿದ್ನೇನು ನಾ?"

"ಸೊಪ್ಪು ಕುಡಿದ ಇಲಿ ಉಳದಾವಂದಿ" ಎಂದಳು ಮೋನಮ್ಮ. ಅವಳ ಧ್ವನಿ ಈಗಾಗಲೇ ಇಳಿದಿತ್ತು.

"ಗುಳಿಗಿನೂ ನುಂಗಿ ಸೊಪ್ಪೂ ಕುಡಿದ ಇಲಿ! ಎರಡೂ! ಟಿಬಿ ಹುಳ ಸಾಯೂದು ಗುಳಿಗಿಗಿ, ನೆಲನೆಲ್ಲಿಗಿ ಅಲ್ಲ. ಅಂಥ ಗುಳಿಗಿಯಿಂದ ಲಿವರಿಗಿ ಬೀಳೂ ಪೆಟ್ಟು ಸೊಪ್ಪು ತಡೀತದೇನು ಅಂತ ನಾ ನೋಡಿದ್ದು. ಗುಳಿಗಿನs ಬಿಟ್ಟಮ್ಯಾಲ ಅದು ತಡಿಯೂದರ ಏನನ್ನಬೇ?"

ಹುಲಗಪ್ಪ ಮಾತ್ರ ಜಗ್ಗಲಿಲ್ಲ.

"ಅದೆಲ್ಲಾ ಇರಲಿ. ಪಥ್ಯ ಹಿಡದೀನಿ. ಮದೀನಾಬೀ ಬಿಡಸೂತನಾ ಬ್ಯಾರೆ ಔಷಧ ಈ ಬಾಯಾಗ ಹೋಗಂಗಿಲ್ಲ. ನೀ ಎಷ್ಟ್ ಓದಿದ್ರೂ ಅಷ್ಟs."

"ಅಪ್ಪಾ, ಜೀವ ದೊಡ್ಡದೋ ಮಾತು ದೊಡ್ಡದೋ?"

"ಮಾತು ಬಿಟ್ಟು ಕಲ್ಲು ಹೊತ್ತವನಲ್ಲ ನಾ."

ರೇಣಮ್ಮ ಸಿಟ್ಟಿನಲ್ಲಿ ಒಂದು ಸುತ್ತು ಅಂಗಳ ಸುತ್ತಿದಳು. ಅಪ್ಪ ಎಂಥವನೆಂದು ಅವಳಿಗೆ ಗೊತ್ತಿತ್ತು, ಅವಳೂ ಅಂಥವಳೇ. "ಬಳಿಚಕ್ರಕ್ಕ ಹ್ಯಾಂಗ ಹೋಗಬೇಕು?" ಎಂದಳು.

"ಶಹಾಪುರದ ಮ್ಯಾಲೆ ಹಾದು ಯಾದಗಿರಿ, ಅಲ್ಲಿಂದ ಇನ್ನೊಂದು ಬಸ್ಸು. ನಡಿ, ನಾನೂ ಬರ್ತೀನಿ" ಎಂದಳು ಮೋನಮ್ಮ. ಮನೆಯಲ್ಲಿ ಕೂತರೆ ತಾನು ಹುಚ್ಚಿಯಾಗುತ್ತೇನೆ ಎನಿಸಿತ್ತು ಅವಳಿಗೆ.

ಮೊದಲು ಕಾಲುವೆ ನೀರಿನ ಗದ್ದೆಗಳು ಹಸಿರಾಗಿ ಜೊತೆ ಬಂದವು, ಯಾದಗಿರಿ ದಾಟಿದ ಮೇಲೆ ಮಳೆ ನಂಬಿದ ತೊಗರಿ ಹೊಲಗಳು ಬಂದವು. ಬಳಿಚಕ್ರದಲ್ಲಿ ಕೇಳಿ ಕೇಳಿ ಮನೆ ಹುಡುಕಿದಾಗ ಮದೀನಾಬಿ ಅಂಗಳದಲ್ಲಿ ಮೊಮ್ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಮೋನಮ್ಮನನ್ನು ಕಂಡು ಮುಖ ಅರಳಿಸಿದಳು.

"ನಿನ್ನ ಗಂಡನ ಕಾಮಣಿ ಹೋತೇನವಾ?"

"ಹೋತಕ್ಕಾ. ಗಂಡನೂ ಹೋಗಾಕತ್ತಾನ" ಎಂದು ಮೋನಮ್ಮ ಅಲ್ಲಿಯೇ ಕುಸಿದು ಕೂತು ಅತ್ತುಬಿಟ್ಟಳು.

ರೇಣಮ್ಮ ಎಲ್ಲವನ್ನೂ ಹೇಳಿದಳು. ಟಿಬಿ ಎಂಬ ಮಾತು ಬಂದ ಕೂಡಲೇ ಮದೀನಾಬಿಯ ಎಣ್ಣೆಯ ಕೈ ನಿಂತಿತು.

"ಕ್ಷಯ? ಅವಗ ಕ್ಷಯ ಇತ್ತು? ನಾ ಬಾಯಿ ಬಿಟ್ಟು ಕೇಳಿದೆ! ಬಿಸಿಲು ಅಂದಿ, ಉಷ್ಣ ಅಂದಿ!" ಅವಳು ಎದ್ದು ನಿಂತಳು. "ಕ್ಷಯ ಇದ್ದವಗ ಬ್ಯಾಳಿ ಬಿಡು, ತತ್ತಿ ಬಿಡು ಅಂತ ಯಾವ ಹೈವಾನ ಹೇಳ್ತಾನ? ನನ್ನ ಕೈಲೆ ಒಬ್ಬನ್ನ ಉಪವಾಸ ಕೊಲ್ಲಸಾಕತ್ತಿದ್ದಿಯಲ್ಲವಾ!"

"ಮಂದಿ ಇದ್ರಕ್ಕಾ ಅಂಗಳದಾಗ. ನಾಚಿಕಿ ಆತು."

"ನಾಚಿಕಿ! ನಾಚಿಕಿನs ಉಣ್ಣಸು ಅವಗ ಇನ್ನ!"

ರೇಣಮ್ಮ ನಡುವೆ ಬಂದಳು. ಫೋನು ತೆಗೆದು ತನ್ನ ಇಲಿಗಳ ಲಿವರಿನ ಚಿತ್ರ ತೋರಿಸಿದಳು. "ಇದು ಬರೀ ಗುಳಿಗಿ ಕೊಟ್ಟದ್ದು ಅಮ್ಮಾ. ಇಲ್ಲಿ ನೋಡ್ರಿ, ಹರಕು ಹರಕಾಗ್ಯಾದ. ಇದು ಗುಳಿಗಿ ಜೋಡಿ ನಿಮ್ಮ ನೆಲನೆಲ್ಲಿ ಕೊಟ್ಟದ್ದು."

ಮದೀನಾಬಿ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು. ಇಷ್ಟು ವರ್ಷ ತಾನು ಅರೆದು ಕೊಟ್ಟ ಸೊಪ್ಪು ಹೊಟ್ಟೆಯೊಳಗೆ ಹೋಗಿ ಏನು ಮಾಡುತ್ತದೆಂದು ಅವಳು ಮೊದಲ ಸಲ ನೋಡುತ್ತಿದ್ದಳು. ಸಿಟ್ಟು ಎಲ್ಲಿ ಹೋಯಿತೋ, "ಯಾ ಅಲ್ಲಾ, ಇದು ನನ್ನ ಸೊಪ್ಪಿನ ಕೆಲಸೇನು?" ಎಂದು ಒಳಗಿದ್ದ ಮಗಳನ್ನೂ ಕೂಗಿ ಕರೆದು ತೋರಿಸಿದಳು. ಆಮೇಲೆ ಕೇಳಿದಳು:

"ಅಲ್ಲವಾ, ಇಲಿಗಿ ಪಥ್ಯ ಏನು ಹಿಡಿಸಿದ್ದಿ?"

"ಪಥ್ಯ ಏನೂ ಇಲ್ಲಮ್ಮಾ. ಹೊಟ್ಟಿ ತುಂಬ ಕಾಳುಕಡಿ. ಅವುಕ್ಕ ಒಂದು ದಿವಸಾನೂ ಊಟ ಕಡಿಮಿ ಮಾಡಿಲ್ಲ."

ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ ಮೋನಮ್ಮ ತಲೆ ಎತ್ತಿದಳು.

"ಹೊಟ್ಟಿ ತುಂಬ ಉಂಡಾವ? ಇಲಿ?"

"ಹೌದಬೇ."

ಇಲಿಗಳು ಹೊಟ್ಟೆ ತುಂಬ ಉಂಡಿದ್ದವು. ತನ್ನ ಗಂಡ ನುಚ್ಚು ಕುಡಿದಿದ್ದ. ಒಗ್ಗರಣೆಯ ವಾಸನೆ ಬಂದರೆ ಓಡಿ ಹೋಗಿ ಬಾಗಿಲು ಮುಚ್ಚಿದ್ದವಳು ತಾನೇ. "ಒಂದು ತುಣುಕು ರೊಟ್ಟಿ ಕೊಡು" ಎಂದು ಅವನು ಒಮ್ಮೆ ಕೇಳಿದಾಗ ಕಣ್ಣು ಕೆಕ್ಕರಿಸಿ ಹೆದರಿಸಿದವಳೂ ತಾನೇ. ಮೋನಮ್ಮನಿಗೆ ತನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳು ಸೆರಗು ಬಿಗಿದು ಎದ್ದಳು.

"ಏಳಕ್ಕಾ. ಬೈಯೂದು ಬಸ್ಸಿನಾಗ ಬೈಯುವಿಯಂತ. ನೀ ಬಂದು ಬಿಡಿಸದಿದ್ರ ಅವ ಬಾಯಿ ತೆರಿಯಂಗಿಲ್ಲ."

ಮದೀನಾಬಿ ಬಾಣಂತಿಯನ್ನು ಬೀಗತಿಯ ಕೈಗೆ ಒಪ್ಪಿಸಿ ಬುರ್ಖಾ ಹಾಕಿಕೊಂಡು ಬಂದಳು. ಬಸ್ಸಿನಲ್ಲಿ ಬೈದಳು ಕೂಡ, ಶಹಾಪುರದ ತನಕ. ಸುರಪುರದಲ್ಲಿ ಇಳಿದು ಟಂಟಂ ಆಟೊ ಹಿಡಿದು ಊರು ಮುಟ್ಟುವ ಹೊತ್ತಿಗೆ ಹೊತ್ತು ಇಳಿದಿತ್ತು. ಮೋನಮ್ಮ ನೆಟ್ಟಗೆ ಒಲೆಯ ಮುಂದೆ ಹೋಗಿ ಬೇಳೆ ಇಟ್ಟಳು, ಬಳ್ಳೊಳ್ಳಿ ಜಜ್ಜಿದಳು, ಎಣ್ಣೆ ಕಾಯಿಸಿ ಚೊರ್ರೆನ್ನುವಂತೆ ಒಗ್ಗರಣೆ ಹಾಕಿದಳು. ಹಿತ್ತಲಲ್ಲಿದ್ದ ಸಾಬಣ್ಣ, "ಏ, ನಮ್ಮ ಮನ್ಯಾಗಿಂದs ಬರಾಕತ್ತದೇನಿದು?" ಎಂದು ಓಡಿ ಬಂದ.

ಮದೀನಾಬಿ ಬಿಸಿ ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ಮೇಲೆ ಎರಡು ಹರಳು ಉಪ್ಪು ಇಟ್ಟು ಹುಲಗಪ್ಪನ ಬಾಯಿಗೆ ಹಿಡಿದಳು.

"ಹಿಡಿ. ಪಥ್ಯ ಬಿಟ್ಟಿತು."

ಹುಲಗಪ್ಪ ಬಾಯಿ ತೆರೆದ. ತುತ್ತು ನಾಲಿಗೆಗೆ ತಾಗಿದ್ದೇ ತಡ ಅವನ ಕಣ್ಣಲ್ಲಿ ನೀರು ಬಂತು. ನಾಚಿಕೊಂಡು ಗೋಡೆಯ ಕಡೆ ತಿರುಗಿ ಅಗಿದ.

"ಇನ್ನ ನನ್ನ ಔಷಧ ಮುಗೀತು. ನಾಳಿಂದ ಡಾಕ್ಟರ್ ಹೇಳಿದಂಗ. ಮತ್ತ ಯಾರಿಗೂ ಬ್ಯಾನಿ ಮುಚ್ಚಬ್ಯಾಡ" ಎಂದಳು ಮದೀನಾಬಿ. "ನಿನಗ ಕೊಡೂಮುಂದ ನನಗ ಅರ್ಧ ಗೊತ್ತಿತ್ತು. ನಿನ್ನ ಮಗಳಿಗಿ ಇನ್ನರ್ಧ. ನಡುವ ನೀ ಸಾಯಾಕತ್ತಿದ್ದಿ."

ಮರುದಿನ ದವಾಖಾನೆಯಲ್ಲಿ ಡಾಕ್ಟರು ಬೈದರು, ತೂಕ ನೋಡಿದರು, ಮತ್ತೆ ಬೈದರು. ಕಫ ಪರೀಕ್ಷೆಗೆ ಕಳಿಸಿದರು. ಗುಳಿಗೆ ಒಂದೊಂದಾಗಿ ಶುರು ಮಾಡುವುದು, ಒಂದೊಂದು ಸೇರಿಸಿದಾಗಲೂ ರಕ್ತ ನೋಡುವುದು ಎಂದರು. ರೇಣಮ್ಮ ತನ್ನ ಕೆಲಸದ ವಿಷಯ ಹೇಳಿದಾಗ ಅವರು ಕುತೂಹಲದಿಂದ ಕೇಳಿಸಿಕೊಂಡು, "ಛಲೋ ಅದವಾ. ಆದ್ರ ಈಗ ಸೊಪ್ಪು ನಿಲ್ಲಸ್ರಿ. ಎರಡೂ ಕೂಡಿಸಿದ್ರ ಯಾವುದು ಏನು ಮಾಡಾಕತ್ತದ ನನಗ ತಿಳಿಯಂಗಿಲ್ಲ" ಎಂದರು.

"ಹೌದ್ರಿ ಸರ್" ಎಂದಳು ರೇಣಮ್ಮ.

ಹುಲಗಪ್ಪನಿಗೆ ಇದು ಹಿಡಿಸಲಿಲ್ಲ. ಹೊರಗೆ ಬಂದ ಮೇಲೆ, "ನಿನ್ನ ಸೊಪ್ಪು ನನಗs ಬ್ಯಾಡಂದ್ರ, ಮತ್ತ್ಯಾಕ ಓದಿದಿ?" ಎಂದ.

"ಇಲಿಯಿಂದ ನಿನ್ನ ತನಕಾ ಬರಾಕ ಇನ್ನಾ ಭಾಳ ದಾರಿ ಅದ ಅಪ್ಪಾ. ಎಷ್ಟು ಕೊಡಬೇಕು, ಗುಳಿಗಿ ಜೋಡಿ ಜಗಳಾ ಆಡ್ತದೇನು, ಏನೂ ಗೊತ್ತಿಲ್ಲ. ಆದ್ರ ಬರ್ತದ. ನಾ ಬಿಡಂಗಿಲ್ಲ." ಹೇಳುವಾಗ ಅವಳ ಕಣ್ಣು ಹೊಳೆಯುತ್ತಿದ್ದವು. ಮೋನಮ್ಮ ಅದನ್ನು ನೋಡಿ, ಬೇಸಾಯದ ಕೆಲಸ ಎಷ್ಟೇ ಇದ್ದರೂ ಸೊಪ್ಪಿನ ಚೀಲ ತಪ್ಪಿಸಬಾರದೆಂದುಕೊಂಡಳು.

ಮುಂದಿನ ವಾರಗಳಲ್ಲಿ ಆ ಮನೆಯಲ್ಲಿ ಎರಡೇ ಮಾತು, ಗುಳಿಗೆ ಮತ್ತು ಊಟ. ತತ್ತಿ, ಬೇಳೆ, ಶೇಂಗಾ, ರವಿವಾರ ಕುರಿಯ ಎಲುಬಿನ ಸಾರು. "ಇಲಿಗಿಂತ ಕಡಿಮಿ ಉಂಡ್ರ ನೋಡ್ರಿ" ಎಂದು ಮೋನಮ್ಮ ಗದರುತ್ತಿದ್ದಳು. ಗಂಡ ಕಿಟಕಿಯ ಹತ್ತಿರ ಬಾಯಿಗೆ ಬಟ್ಟೆ ಹಿಡಿದು ಬೇರೆ ಮಲಗುತ್ತಿದ್ದ. ಎರಡನೆಯ ಗುಳಿಗೆ ಸೇರಿಸಿದ ವಾರ ಅವನಿಗೆ ಸ್ವಲ್ಪ ಓಕರಿಕೆ ಬಂತು. ಇಡೀ ಮನೆ ಹೆದರಿ ಅವನ ಕಣ್ಣನ್ನೇ ನೋಡುತ್ತಿತ್ತು. ಡಾಕ್ಟರು ರಕ್ತ ನೋಡಿ, ತಡೆದುಕೊಳ್ಳಿರಿ, ಮುಂದುವರಿಸಿರಿ ಎಂದರು. ಕಫ ಶುದ್ಧವಾಗುವ ತನಕ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಕೂಸು, ತಾಯಿ ಇನ್ನೂ ತವರುಮನೆಯಲ್ಲೇ ಇದ್ದರು. ಗೊಲ್ಲಾಳಮ್ಮ ಅಲ್ಲಿಂದಲೇ ದಿನಾ ಫೋನು ಮಾಡಿ, "ಮಾವ ನುಂಗಿದ್ರೇನು?" ಎಂದು ಕೇಳುತ್ತಿದ್ದಳು. ಮೋನಮ್ಮ, "ನುಂಗಿದ್ರವ್ವ, ನಿನ್ನ ಮ್ಯಾಲಿನ ಸಿಟ್ಟಿಗಿ ನುಂಗಿದ್ರು" ಎನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದರು.

ಎಲ್ಲ ಗುಳಿಗೆ ಸೇರಿಸಿ ಆದ ಮೇಲಿನ ರಕ್ತದ ರಿಪೋರ್ಟು ಬರುವ ದಿನ ಗಂಡಹೆಂಡತಿ ದವಾಖಾನೆಯ ಪಡಸಾಲೆಯಲ್ಲಿ ಕಾದು ಕೂತರು. ಇದರಲ್ಲಿ ಲಿವರು ಮತ್ತೆ ಕೆಟ್ಟದ್ದು ಕಂಡರೆ ಗುಳಿಗೆ ಮತ್ತೆ ನಿಲ್ಲುತ್ತದೆ. ಮತ್ತೆ ನಿಂತರೆ ಈ ಸಲ ಹುಲಗಪ್ಪನ ಮೈಯಲ್ಲಿ ತಡೆದುಕೊಳ್ಳುವಷ್ಟು ಏನೂ ಉಳಿದಿರಲಿಲ್ಲ. ಒಳಗಿನಿಂದ ವೆಂಕಟಪ್ಪ ಹೊರಗೆ ಬಂದ. ದೂರದಿಂದಲೇ ಅವನ ಹಲ್ಲು ಕಂಡವು.

"ಕಾಕಾ, ಲಿವರ್ ಛಲೋ ಅದ! ಕಫದಾಗೂ ಹುಳ ಇಲ್ಲ. ಆರಾಮ ನುಂಗ್ರಿ ಇನ್ನ!"

ಮೋನಮ್ಮ ಗಂಡನ ತೋಳು ಹಿಡಿದು ಅಲುಗಾಡಿಸಿದಳು. ಅವಳಿಗೆ ಕೂಗಬೇಕು, ಕುಣಿಯಬೇಕು, ಅಳಬೇಕು ಎಲ್ಲ ಒಟ್ಟಿಗೆ ಆಗಿತ್ತು. ಹುಲಗಪ್ಪ, "ತೋಳು ಕಿತ್ತೀ, ಈಗಷ್ಟೇ ಮಾಂಸ ಹತ್ತ್ಯಾದ ಅದಕ್ಕ" ಎಂದ.

ಬೆಂಚಿನ ಆ ತುದಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಜೊತೆಗಿದ್ದ ಗಂಡಸು ತಲೆ ಎತ್ತಿದರೆ ಕಣ್ಣು ಹಳದಿ. ಅವಳು ಮೋನಮ್ಮನ ಹತ್ತಿರ ಸರಿದು, ಬಾಯಿಗೆ ಸೆರಗು ಅಡ್ಡ ಹಿಡಿದು, ಪಿಸುಗುಟ್ಟಿದಳು.

"ಯಕ್ಕಾ, ಇಲ್ಲಿ ಕಾಮಣಿಗಿ ಗಿಡಮೂಲಿಕಿ ಕೊಡ್ತಾರಂತಲ್ಲ, ಯಾರ್ರಿ ಅವರು?"

"ಹಿಂದ ಏನರ ಬ್ಯಾನಿಗಿ ಗುಳಿಗಿ ತೊಗೊಳಾಕತ್ತಿದ್ರೇನು ನಿಮ್ಮವರು?"

ಆ ಹೆಂಗಸು ಸುತ್ತ ನೋಡಿದಳು. "ಏನಿಲ್ರಿ... ಉಷ್ಣ ಆಗಿತ್ರಿ."

ಮೋನಮ್ಮ ಎದ್ದು ನಿಂತಳು. ಪಡಸಾಲೆಯಲ್ಲಿ ಅವಳ ಊರಿನವರೂ ಇಬ್ಬರು ಕೂತಿದ್ದರು, ಚಹಾದಂಗಡಿಯವನ ತಮ್ಮನೂ ಇದ್ದ. ಎಲ್ಲರೂ ಕಾಣಿಸಿದರು ಅವಳಿಗೆ.

"ನೋಡವಾ ತಂಗಿ, ನನ್ನ ಗಂಡಗ ಟಿಬಿ!" ಎಂದಳು, ಹೊಲದ ಆ ತುದಿಗೆ ಕೇಳುವ ಧ್ವನಿಯಲ್ಲಿ. "ಗುಳಿಗಿಯಿಂದ ಕಲೀಜಿ ಕೆಟ್ಟಿತ್ತು. ಬ್ಯಾನಿ ಮುಚ್ಚಿಟ್ಟು, ಗುಳಿಗಿ ಬಿಡಿಸಿ, ಉಪವಾಸ ಕೆಡವಿ ಕೊಲ್ಲಾಕ ಹತ್ತಿದ್ದೆ ನಾ. ಈಗ ಗುಳಿಗಿ ನುಂಗ್ತಾನ, ಉಣ್ತಾನ, ಬದುಕ್ಯಾನ. ಒಳಗ ಡಾಕ್ಟರ್ ಅದಾರ. ಹೋಗು, ಇದ್ದದ್ದು ಇದ್ದಂಗ ಹೇಳು."

ಚಹಾದಂಗಡಿಯವನ ತಮ್ಮ ಹುಲಗಪ್ಪನನ್ನೇ ನೋಡುತ್ತಿದ್ದ. ಹುಲಗಪ್ಪನ ಮುಖ ಕೆಂಪಾಯಿತು. ಅವನು ಹೆಗಲ ಮೇಲಿನ ಟವೆಲು ತೆಗೆದು ಕೊಡವಿ, ಮತ್ತೆ ಹಾಕಿಕೊಂಡು, ನೆಟ್ಟಗೆ ಕೂತ.

"ಹೌದು. ನನಗs" ಎಂದ.

ಆ ಹೆಂಗಸು ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಬಾಯಿಂದ ಸೆರಗು ತೆಗೆದಳು.

"ನಮ್ಮವರಿಗೂ ಅದs ರೀ" ಎಂದಳು, ಎಲ್ಲರಿಗೂ ಕೇಳಿಸುವಂತೆ.